ಪಾಲಿನ ಪುಸ್ತಕ

ಬ್ಯಾಂಕು ಹುಟ್ಟಿದ್ದು ಮನಾಮಾದ ಸೂಕಿನ ಹಿಂದೆ,
ಖರ್ಜೂರದ ಗೋದಾಮಿನ ಮಾಳಿಗೆಯಲ್ಲಿ.
ಜಮಖಾನೆಯ ಮೇಲೆ ಒಂಬತ್ತು ಜನ.
ಇಬ್ಬರು ಹಾಯಿಹಡಗಿನವರು, ಒಬ್ಬ ಸಿಮೆಂಟಿನವ,
ಮುತ್ತಿನ ವ್ಯಾಪಾರ ಮುಳುಗಿದ ಮೇಲೆ
ಫ್ರಿಜ್ಜು ಮಾರುತ್ತಿದ್ದ ಹಾಜಿ ಖಲಫ್.
ಏಲಕ್ಕಿ ಕಾಫಿ ಮೂರು ಸುತ್ತು ಬಂತು.
"ಬಿಳಿಯರ ಬ್ಯಾಂಕು ನಮ್ಮ ಹಣವನ್ನೇ ನಮಗೆ ಸಾಲ ಕೊಡುತ್ತದೆ,
ಅದಕ್ಕೂ ಬಾಗಿಲಲ್ಲಿ ಕಾಯಿಸುತ್ತದೆ," ಎಂದ ಹಾಜಿ.
ಅಷ್ಟೇ. ಅದೇ ಠರಾವು.

ಮೂಲೆಯಲ್ಲಿ ಕೂತು ಬರೆದುಕೊಂಡವನು ನಾನು,
ಶೀನ ಕುಂದರ್, ಊರು ಉಪ್ಪುಂದ,
ಮೀನುಗಾರರ ಸೊಸೈಟಿಯಲ್ಲಿ ಜಮಾಖರ್ಚು ಕಲಿತವ.
ಬ್ಯಾಂಕು ಕಟ್ಟುವುದು ನಮ್ಮ ಜಿಲ್ಲೆಗೆ ಹೊಸತಲ್ಲ ಬಿಡಿ,
ದಿನಕ್ಕೆ ಎರಡಾಣೆ ಎತ್ತಿ ಕಟ್ಟಿದವರು ನಾವು.
ಆ ಧೈರ್ಯದಲ್ಲಿ ಬಾಯಿ ಹಾಕಿದೆ:
ಸಣ್ಣ ಪಾಲೂ ಇರಲಿ, ಹತ್ತು ದೀನಾರಿನದು.
ನಕ್ಕರು.
ಇಟ್ಟರು.

ಕೆಂಪು ಬೆನ್ನಿನ ದಪ್ಪ ಪುಸ್ತಕ.
ಹೆಸರು ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ,
ನಡುವೆ ಎಲ್ಲೋ ಒಂದಕ್ಕೊಂದು ಢಿಕ್ಕಿ.
ನಾಲ್ಕನೆಯ ಕಲಮು: ಪಾಲು ನಾಡಿನವರಿಗೆ ಮಾತ್ರ.
ಆ ಕಲಮು ಬರೆದ ಕಲಮೂ ನನ್ನದೇ;
ಇಪ್ಪತ್ತೆಂಟು ವರ್ಷ ಎಲ್ಲರ ಒಡೆತನ ಬರೆದೆ,
ಶಾಯಿಯ ಕುಪ್ಪಿ ಕೂಡ ಬ್ಯಾಂಕಿನದು.

ಮುಹರ್ರಕ್‌ನಿಂದ ಬಂದಳು ಉಮ್ಮ್ ಜಾಸಿಂ,
ಕರವಸ್ತ್ರದ ಗಂಟಿನಲ್ಲಿ ನೂರು ದೀನಾರು.
ಗಂಡ ಕಡಲ ಪಾಲಾಗಿ ನಲವತ್ತು ವರ್ಷ.
ಅಪ್ಪನ ಸಾಲಕ್ಕೆ ಮಗ ಮುಳುಗಬೇಕು, ಅಂದಿನ ಕಟ್ಟಳೆ;
ಹನ್ನೆರಡರ ಹುಡುಗ ಮೂಗಿಗೆ ಕ್ಲಿಪ್ಪು ಸಿಕ್ಕಿಸಿ
ಕಲ್ಲು ಕಟ್ಟಿಕೊಂಡು ಇಳಿದ.
ಸಾಲದ ಚೀಟಿ ಯಾರದು?
ಹಾಜಿ ಖಲಫನ ಅಪ್ಪನದು.
"ಸ್ವಂತ ಹೆಸರು ಹೇಳಿ," ಎಂದೆ.
ತುಸು ಹುಡುಕಿದಳು.
ಶಮ್ಮಾ, ರಾಶಿದನ ಮಗಳು.

"ಇನ್ನು ಖಲಫನಿಗೆ ಸಾಲ ಬೇಕಾದರೆ
ನನ್ನನ್ನೂ ಕೇಳಬೇಕೋ?"
"ಹತ್ತು ಪಾಲಿನಷ್ಟು ಕೇಳಬೇಕಮ್ಮಾ."
ಬುರ್ಖಾದೊಳಗೆ ನಕ್ಕಳು, ಇಡೀ ಮೈ ಕುಲುಕಿ,
ಹೆಬ್ಬೆಟ್ಟು ಒತ್ತಿದಳು. ಅರವತ್ತೊಂದನೇ ಪುಟ.
ನೀಲಿ ಸುಳಿ, ನಮ್ಮೂರಿನ ಅಳಿವೆಯಲ್ಲಿ
ಇಳಿತದ ನೀರು ತಿರುಗುವ ಹಾಗೆ.

ಆಮೇಲೆ ಹವಾನಿಯಂತ್ರಣ ಬಂತು, ಹದಿನಾಲ್ಕು ಶಾಖೆ ಬಂತು,
ಟೈ ಕಟ್ಟಿದ ಮೊಮ್ಮಕ್ಕಳು ಬಂದರು.
ಪ್ರತಿ ಮಾರ್ಚಿನಲ್ಲಿ ಲಾಭಾಂಶಕ್ಕೆ ಶಮ್ಮಾ ಬಂದಳು,
ಹಣ ಎಣಿಸುವ ಮೊದಲು
ಪುಟ ತೆಗೆಸಿ ತನ್ನ ಬೆರಳನ್ನು ನೋಡಿಹೋದಳು.

ಹಾಜಿ ಸತ್ತ ವರ್ಷವೇ ಅವನ ಮಕ್ಕಳು ಒಡೆದರು.
ದೊಡ್ಡ ಬ್ಯಾಂಕೊಂದು ಸೇತುವೆ ದಾಟಿ ಬಂದು
ಒಂದೇ ಸಂಜೆಯಲ್ಲಿ ಐವತ್ತೊಂದು ಶೇಕಡಾ ಹೊತ್ತಿತು.
ರಾತ್ರಿ ಕ್ರೇನಿನವರು ಬೋರ್ಡು ಇಳಿಸಿದರು.
ಹಿಂದೆ ಗೂಡು ಕಟ್ಟಿದ್ದ ಪಾರಿವಾಳಕ್ಕೂ
ನೋಟೀಸು ಕೊಟ್ಟಿರಲಿಲ್ಲ.
ಹಳೆಯ ಮೂರು ಪಾಲಿಗೆ ಹೊಸತೊಂದು.
ಕಂಪ್ಯೂಟರಿಗೆ ಹೆಸರು ಬೇಕಿತ್ತು, ಅಂಕಿ ಬೇಕಿತ್ತು,
ಹೆಬ್ಬೆಟ್ಟಿಗೆ ಅದರಲ್ಲಿ ಜಾಗವಿರಲಿಲ್ಲ.

ಶಮ್ಮಾಳ ಹತ್ತು, ಮೂರಾಗಿ ಮಿಕ್ಕ ಚೂರಿಗೆ ಚೆಕ್ಕು:
ನಾಲ್ಕು ದೀನಾರು, ಮುನ್ನೂರ ಐವತ್ತು ಫಿಲ್ಸು.
ನಾನೇ ಒಯ್ದೆ. ನನ್ನ ಕೊನೆಯ ವಾರ,
ವೀಸಾ ರದ್ದಿನ ಕಾಗದ ಅದೇ ಚೀಲದಲ್ಲಿ.
ಎಂಬತ್ತಾರರ ಮುದುಕಿ ಹೊಸ್ತಿಲಲ್ಲೇ ಕೂತಿದ್ದಳು.
"ಖಲಫನ ಮನೆಯವರು ಈಗಲೂ ನನ್ನನ್ನು ಕೇಳಬೇಕೋ?"
ಅವರೇ ಮೊದಲು ಮಾರಿದವರು ಎನ್ನಲಿಲ್ಲ.
ನನ್ನ ಭಾಷೆಯಲ್ಲಿ ಒಡೆತನವೆಂಬ ಮಾತಿನೊಳಗೇ
ಒಡೆ ಎಂದಿದೆ, ಅದನ್ನು ಅರಬ್ಬಿಯಲ್ಲಿ ಹೇಗೆ ಹೇಳಲಿ?
ಸುಮ್ಮನೆ ಚೆಕ್ಕು ಚಾಚಿದೆ.

ಅವಳು ಹೆಬ್ಬೆರಳು ಚಾಚಿದಳು.

ನಾನು ಶಾಯಿ ತಂದಿರಲಿಲ್ಲ.