ಯಾರ ಹಿಡಿ

ಹಾವೋರಿನ ನೀರು ಇಳಿಯುವ ಕಾರ್ತಿಕದಲ್ಲಿ
ದೋಣಿಯಿಂದಿಳಿದು, ಮೊಣಕಾಲುದ್ದ ಕೆಸರು ತುಳಿದು
ಮನೆಮನೆಗೂ ನಾನು ಹೇಳುತ್ತಿದ್ದದ್ದು ಇಷ್ಟೇ:
ಮೂರು ಬೆರಳ ಚಿಟಿಕೆ ಉಪ್ಪು,
ಒಂದು ಹಿಡಿ ಬೆಲ್ಲ,
ಅರ್ಧ ಸೇರು ನೀರು.

ತಿಂಗಳಾದ ಮೇಲೆ ಇನ್ನೊಬ್ಬ ಬರುತ್ತಾನೆ
ಸೈಕಲ್ಲನ್ನು ಹೆಗಲ ಮೇಲೆ ಹೊತ್ತು,
ತಾಯಂದಿರನ್ನು ಕೂರಿಸಿ ಕೇಳುತ್ತಾನೆ.
ಅವರಿಗೆ ನೆನಪಿದ್ದಷ್ಟೇ ನನಗೆ ಸಂಬಳ.
ಗಿಳಿಗೆ ಕಲಿಸಿದ ಹಾಗೆ ಕಲಿಸುತ್ತಿದ್ದೆ.
ಸುಳ್ಳು ಯಾಕೆ, ಹೊಟ್ಟೆಪಾಡು.

ಲಾಲ್‌ಬಾನು ಬಾಯಿಪಾಠ ಒಪ್ಪಲಿಲ್ಲ.
"ಯಾರ ಹಿಡಿ? ನಿನ್ನದೋ, ನನ್ನದೋ?"
ನನ್ನ ಅಂಗೈಗೆ ತನ್ನದನ್ನು ಒತ್ತಿ ಅಳೆದಳು.
ಭತ್ತ ಕುಟ್ಟಿ ಕುಟ್ಟಿ ಅಗಲವಾದ ಕೈ.
"ಉಪ್ಪು ಹೆಚ್ಚಾದರೆ?"
ಕುಡಿಸುವ ಮೊದಲು ನಾಲಗೆಗೆ ಹಚ್ಚಿ ನೋಡು,
ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡು, ಅಂದೆ.
"ಯಾರ ಕಣ್ಣೀರು?"
ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಕೊನೆಯ ದೋಣಿ ತಪ್ಪಿ ಅಲ್ಲೇ ಮಲಗಿದೆ.
ನಡುರಾತ್ರಿ ಅವಳ ಕೂಸು ಓಹಿದನಿಗೆ ಹಿಡಿಯಿತು,
ಅಕ್ಕಿ ತೊಳೆದ ನೀರಿನಂಥ ಭೇದಿ.
ಅತ್ತೆ ಚೆಂಬನ್ನು ಸೆರಗಿನಡಿ ಅಡಗಿಸಿದಳು:
"ಸೋರುವ ಮಡಕೆಗೆ ನೀರು ಹೊಯ್ಯುತ್ತಾರೇನೇ?
ಮೂರನ್ನು ಹೂತಿದ್ದೇನೆ. ನನಗೆ ಗೊತ್ತು."
"ಸೋರಿದಷ್ಟೂ ಹೊಯ್ಯಬೇಕಂತೆ, ಅಮ್ಮಾ,"
ಅಂದು ಲಾಲ್‌ಬಾನು ಆ ಸೆರಗಿನೊಳಗೆ ಕೈಹಾಕಿದಳು.

ಕೂಸು ಅಳುತ್ತಿತ್ತು,
ಕಣ್ಣಲ್ಲಿ ಹನಿಯಿರಲಿಲ್ಲ.
ನೆತ್ತಿ ಗುಳಿಬಿದ್ದಿತ್ತು,
ಹೊಟ್ಟೆಯ ಚರ್ಮ ಚಿವುಟಿದರೆ
ಚಿವುಟಿದ ಹಾಗೇ ನಿಂತಿತ್ತು.

ಸಿಂಪಿಯ ಚಿಪ್ಪಿನಲ್ಲಿ ಗುಟುಕು,
ಇನ್ನೊಂದು ಗುಟುಕು.
ಕಕ್ಕಿದರೆ ತುಸು ಕಾದು ಮತ್ತೊಂದು.
ಬುಡ್ಡಿಯ ಎಣ್ಣೆ ತೀರಿತು.
ನಾನು, ಕಲಿಸಲು ಬಂದವಳು, ತೂಕಡಿಸಿದೆ.
ಕತ್ತಲಲ್ಲಿ ಚಿಪ್ಪು ಚೆಂಬಿನ ಅಂಚಿಗೆ
ತಾಗುವ ಸದ್ದು ಮಾತ್ರ.

ಬೆಳಗಿನ ಬಾಂಗಿಗೆ ಮೊದಲು
ಅವಳ ಮಡಿಲು ಬೆಚ್ಚಗಾಯಿತು, ಉಚ್ಚೆ.
ಅತ್ತೆ ಮಾತಾಡದೆ ಎದ್ದು ಹೋಗಿ
ಆರಿಸಿಟ್ಟ ನೀರನ್ನು ಚೆಂಬಿಗೆ ತುಂಬಿ ತಂದಿಟ್ಟಳು.
ಆಮೇಲೆ ಕೂಸು ಅತ್ತಿತು, ಒದ್ದೆ ಅಳು.
ಲಾಲ್‌ಬಾನು ಅದರ ಕೆನ್ನೆ ನೆಕ್ಕಿದಳು.
ಚೆಂಬಿನಿಂದ ಒಂದು ಗುಟುಕು ತಾನು ಕುಡಿದಳು.
ಮತ್ತೆ ಕೆನ್ನೆ ನೆಕ್ಕಿದಳು.
"ನಿನ್ನ ಲೆಕ್ಕ ಸರಿ ಇದೆ," ಅಂದಳು ನನಗೆ.

ಸೈಕಲ್ಲಿನವನು ಬಂದು ಕೇಳಿದನಂತೆ:
ಬೆಲ್ಲ ಎಷ್ಟು?
"ಮುಕ್ಕಾಲು ಹಿಡಿ. ನನ್ನ ಕೈ ದೊಡ್ಡದು."
ತಪ್ಪು ಎಂದು ಬರೆದುಕೊಂಡ.
ಆ ಮನೆಯಿಂದ ನನಗೆ ಬಂದದ್ದು ಸೊನ್ನೆ.
ಅವನು ಬರೆಯುತ್ತಿದ್ದಾಗ ಓಹಿದ
ಒಲೆಯ ಹಿಂದೆ, ಬೆಲ್ಲದ ಗಡಿಗೆಯೊಳಗೆ
ಮೊಣಕೈತನಕ ಇಳಿದಿದ್ದನಂತೆ.