ಪೆನ್ಸಿಲ್ಲಿನ ತಾರೀಖು

ಬಂದ ದಿನ ಬರೆಯುವುದು ಸಲೀಸು.
ಅಕ್ಟೋಬರಿನ ಒಂದು ಮುಂಜಾನೆ
ನಿನ್ನೆ ಇಲ್ಲದ್ದು ಇವತ್ತು ಇರುತ್ತದೆ,
ಕಲ್ಲಿನ ಮೇಲೆ ಬಾಲ ಕುಣಿಸುತ್ತದೆ,
ನೀಲಿ ಶಾಯಿಯಲ್ಲಿ ತಾರೀಖು ಹಾಕಿದರೆ ಮುಗಿಯಿತು.
ಹೋದ ದಿನ ಹಾಗಲ್ಲ.
ಇವತ್ತೇ ಕಡೆ ಎಂದು
ಯಾವ ಹಕ್ಕಿಯೂ ಹೇಳಿ ಹೋಗುವುದಿಲ್ಲ.

ಖಾಂಬೇಟೆ ಅಕ್ಕೋರು ಅದಕ್ಕೇ ಆ ಕಾಲಮ್ಮನ್ನು
ಪೆನ್ಸಿಲ್ಲಿನಲ್ಲಿ ತುಂಬುತ್ತಿದ್ದರು.
ಕಂಡ ದಿನ ಬರೆ. ನಾಳೆ ಮತ್ತೆ ಕಂಡರೆ ಅಳಿಸು, ಬರೆ.
ಅಳಿಸುವುದು ಯಾವತ್ತು ನಿಲ್ಲುತ್ತದೋ
ಅಲ್ಲಿ ಉಳಿದದ್ದೇ ಕೊನೆಯ ದಿನ.
ಭೂಗೋಳ ಕಲಿಸಿದ ಹೆಂಗಸು. ಇಪ್ಪತ್ತೆರಡು ವರ್ಷದ ಪುಸ್ತಕ.
ಈ ಮಾರ್ಚಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು
ಸದಾಶಿವ ಪೇಟೆಯ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದಾರೆ.
ಪುಸ್ತಕ, ರಬ್ಬರು, ಪಟ್ಟಿ ಹರಿದ ದುರ್ಬೀನು
ನನ್ನ ಪಾಲಿಗೆ.

ನಾನು ಹಡಪಸರದ ಪಂಪುಸೆಟ್ಟಿನ ಅಂಗಡಿಯಲ್ಲಿ ಲೆಕ್ಕ ಬರೆಯುವವಳು.
ಮಾರ್ಚ್ ಅಂದರೆ ಮುಗಿಸುವ ತಿಂಗಳು:
ಬರಬೇಕಾದದ್ದು, ಕೊಡಬೇಕಾದದ್ದು,
ಮೂವತ್ತೊಂದಕ್ಕೆ ಅಡಿಯಲ್ಲಿ ಎರಡು ಗೀಟು.
ಅದಕ್ಕೆ ಮುಂಚೆ, ಆರೂವರೆಗೆ,
ಸ್ಕೂಟರು ಕವಡಿಪಾಟ್ ಕಡೆ.

ನದಿ ಎನ್ನಬೇಕೋ ಬೇಡವೋ.
ಇಡೀ ಪುಣೆ ಮಿಂದು, ಒಗೆದು, ತೊಳೆದು ಬಿಟ್ಟ ನೀರು
ಹಳೆಯ ಒಡ್ಡಿನಿಂದ ಬಿದ್ದು ನೊರೆಯಾಗುತ್ತದೆ,
ಗಾಳಿಗೆ ಎದ್ದು ಬಂದು ನನ್ನ ಸ್ಕೂಟರಿನ ಸೀಟಿನ ಮೇಲೆ ಕೂರುತ್ತದೆ.
ಆ ನೊರೆಯ ಅಂಚಿಗೆ, ಸಿಕ್ಕಿಬಿದ್ದ ಚಪ್ಪಲಿಯೊಂದರ ಮೇಲೆ,
ಕುಂಡೆಕುಸ್ಕ.
ಮರಾಠಿಯಲ್ಲಿ ಇವನು ಧೋಬಿ.
ಧೋಬಿಗೆ ಇಷ್ಟು ಸೋಪು ಇನ್ನೆಲ್ಲಿ ಸಿಕ್ಕೀತು?
ನಮ್ಮ ಹೆಸರಿನ ಅರ್ಥ ಹೇಳಿದ ದಿನ ಅಕ್ಕೋರು
ನಕ್ಕು ನಕ್ಕು ದುರ್ಬೀನಿನ ಗಾಜು ಒದ್ದೆ ಮಾಡಿಕೊಂಡರು,
ಆಮೇಲೆ ಆ ವರ್ಷದ ಪುಟದಲ್ಲಿ
ದೇವನಾಗರಿಯಲ್ಲಿ, ಬಹಳ ಗಂಭೀರವಾಗಿ,
ಕುಂಡೆಕುಸ್ಕ ಎಂದೇ ಬರೆದರು.

ಮಾರ್ಚ್ ನಾಲ್ಕು. ಚಕ್ರವಾಕ ಹನ್ನೊಂದು.
ಒಂಬತ್ತು. ಎರಡು.
ಕಾವ್ಯದಲ್ಲಿ ಇವು ಇರುಳು ಅಗಲುತ್ತವೆ;
ಇಲ್ಲಿ ಹಗಲೇ, ಒಂದು ಈ ದಡ, ಒಂದು ಆ ದಡ,
ನಡುವೆ ತೇಲುವ ಒಂದು ದಿಂಬು.
ಹನ್ನೆರಡು. ಇಲ್ಲ.
ಒಂಬತ್ತನ್ನು ಹಾಗೇ ಬಿಟ್ಟೆ.

ಹದಿನೈದಕ್ಕೆ ಹಳದಿ ಕುಂಡೆಕುಸ್ಕಗಳ ಎದೆಗೆ ಬಣ್ಣ ಏರಿತ್ತು.
ಚಳಿಗಾಲವೆಲ್ಲ ಮಾಸಿದ ಅರಿವೆಯಂತೆ ಇದ್ದವು,
ಹೋಗುವ ಹೊತ್ತಿಗೆ ಈ ಚೆಂದ.
ದೂರದಲ್ಲೆಲ್ಲೋ ಇರುವ ಯಾರಿಗೋ ಅದು;
ನಾವು ಕಂಡದ್ದು ಬರೀ
ಅಂಗಿ ಬದಲಿಸುವುದನ್ನು.

ಜಾಲಿಯ ಮರದಲ್ಲಿ ಉಲಿಯಕ್ಕಿ ಇನ್ನೂ ಇದೆ,
ಎಲೆಗಿಂತ ಸಣ್ಣದು, ಸೂಜಿಯ ದನಿ.
ಅಷ್ಟು ಎತ್ತರದ ದನಿ ಅಕ್ಕೋರ ಕಿವಿಗೆ ನಿಂತು ಆರು ವರ್ಷ.
ಫೋನು ಮರದ ಕಡೆ ಹಿಡಿ, ಅಂದರು.
ಕೇಳುವುದಿಲ್ಲ ಅಕ್ಕೋರೆ.
ಗೊತ್ತು. ಹಿಡಿ.
ಹಿಡಿದೆ. ಟೋಲ್ ನಾಕಾದ ಲಾರಿಗಳು ಹೋಗುತ್ತಲೇ ಇದ್ದವು.

ಹಳೆಯ ಪುಟವೊಂದರಲ್ಲಿ ಕುಂಡೆಕುಸ್ಕದ ಸಾಲಿಗೆ ತೂತು ಬಿದ್ದಿದೆ.
ಆ ವರ್ಷ ಒಂದು ಹಕ್ಕಿಯ ಕಾಲಿಗೆ ಗಾಳಿಪಟದ ಮಾಂಜಾ ಸುತ್ತಿತ್ತಂತೆ,
ಏಪ್ರಿಲ್ ಇಡೀ ಒಂಟಿ ಕಾಲಲ್ಲಿ ಇಲ್ಲೇ.
ಅಳಿಸಿ, ಬರೆದು, ಅಳಿಸಿ, ಬರೆದು
ಕಾಗದ ಸವೆದುಹೋಯಿತು.
ಕಡೆಗೆ ದಗಡೂ ಭೋಯಿ ಮೀನಿನ ಬಲೆ ಬೀಸಿ ಹಿಡಿದು
ದಾರವನ್ನು ಹಲ್ಲಿನಲ್ಲಿ ಕಡಿದ.
ಮೇ ಎರಡು ಎಂದು ತೂತಿನ ಪಕ್ಕ, ಅಂಚಿನಲ್ಲಿ.
ತೂತಿನೊಳಗೆ ಮುಂದಿನ ವರ್ಷದ ಅಂಕಿಯೊಂದು ಇಣುಕುತ್ತದೆ,
ಒಂದೋ ಏಳೋ
ಹೇಳಲು ಬಾರದು.

ಮೂವತ್ತೊಂದರ ರಾತ್ರಿ ಅಂಗಡಿಯ ಲೆಕ್ಕ ಕೂಡಿತು.
ಏಳು ರೂಪಾಯಿ ಹೆಚ್ಚು ಬಂತು, ಯಜಮಾನರು
ಚಹಾದ ಬಾಬ್ತಿಗೆ ಹಾಕು ಎಂದರು.
ಎರಡು ಗೀಟು ಎಳೆದೆ.

ಏಪ್ರಿಲ್ ಮೂರು. ಫೋನು.
ಹೋದವಾ?
ನಿನ್ನೆ ಇರಲಿಲ್ಲ. ಇವತ್ತೂ ಕಾಣಲಿಲ್ಲ.
ನಾಳೆ?
ನಾಳೆ ಬರ್ತೇನೆ, ನೋಡ್ತೇನೆ.
ರಬ್ಬರು ಮರೀಬೇಡ, ಅಂದರು.

ಚಪ್ಪಲಿ ಇನ್ನೂ ಇದೆ,
ನಿನ್ನೆಗಿಂತ ಒಂದು ಗೇಣು ಕೆಳಗೆ.