ಹದಿನೆಂಟು ಮಂದಿ

ರಾತ್ರಿ ಹನ್ನೆರಡೂವರೆಗೆ ಫ್ರಾನ್ಸಿನಲ್ಲಿ ಆಟ ಶುರು.
ಸಾಲಗಾಮೆ ರಸ್ತೆಯ ಮುಚ್ಚಿದ ಗ್ಯಾರೇಜಿನ ಮುಂದೆ
ಟೈರಿನ ಮೇಲೆ ನಾನು, ತಗಡಿನ ಡಬ್ಬದ ಮೇಲೆ ಜವರಣ್ಣ,
ನಡುವೆ ಗಾಜು ಸೀಳಿದ ನನ್ನ ಫೋನು.
ಚೆಂಡು ಎಡಕ್ಕೆ ಹೋದರೆ ಅವನ ಕಣ್ಣು ಬಲಕ್ಕೆ.
ಗೋಲಾಯಿತೆಂದು ನಾನು ಎದ್ದು ಕೂಗಿದರೆ
"ಸುಮ್ಕಿರು, ಆ ಚೀಲದವನನ್ನ ಇನ್ನೊಂದ್ಸಲ ತೋರ್ಸು" ಅಂದ.

ಚೀಲದವನೆಂದರೆ
ಯಾರಾದರೂ ಬಿದ್ದ ಕೂಡಲೇ ಗೆರೆ ದಾಟಿ ಓಡುವ ಬೋಳುತಲೆಯವನು.
ಮಂಡಿಯೂರಿ, ಬಿದ್ದವನ ಪಾದವನ್ನು
ಆಗಷ್ಟೇ ಹುಟ್ಟಿದ ಕೂಸಿನ ಹಾಗೆ ಹಿಡಿಯುತ್ತಾನೆ.
ಜವರಣ್ಣ ನಾಲಿಗೆ ಲೊಚಗುಟ್ಟಿದ:
"ತಪ್ಪು ಹಿಡ್ದವ್ನೆ ಕಣ್ಲಾ. ಹಿಮ್ಮಡಿಯಿಂದ ಎತ್ಬೇಕು."

ಆ ತಂಡದ ಹಿಂದಿನವರ ಪಟ್ಟಿ ಹುಡುಕಿ ಓದಿ ಹೇಳಿದೆ:
ದೊಡ್ಡ ಕೋಚು, ಅವನ ಬಲಗೈ, ಬಲಗೈಗೊಬ್ಬ ಎಡಗೈ,
ಗೋಲ್‌ಕೀಪರಿಗೇ ಬೇರೆ ಒಬ್ಬ,
ಓಡಿದ್ದನ್ನು ಅಳೆಯುವವನು, ಉಂಡದ್ದನ್ನು ತೂಗುವವನು,
ನಿನ್ನೆಯ ಆಟ ಕತ್ತರಿಸಿ ಇವತ್ತು ತೋರಿಸುವವರು ಇಬ್ಬರು,
ಡಾಕ್ಟರು, ಕಾಲು ನೀವುವವರು ನಾಲ್ವರು,
ಬೂಟು ಬಟ್ಟೆಗೆ ಮೂವರು, ಹುಲ್ಲಿಗೊಬ್ಬ,
ಮನಸ್ಸು ಸರಿಯಿದೆಯೇನಪ್ಪಾ ಎಂದು ಕೇಳುವುದಕ್ಕೇ ಒಬ್ಬಳು.
ಜವರಣ್ಣ ಬೆರಳು ಮಡಿಸುತ್ತ ಹೋದ,
ತನ್ನ ಎರಡು ಕೈ ಸಾಲದೆ ನನ್ನದನ್ನೂ ಎಳೆದುಕೊಂಡ.
"ಆಡೋರು ಹನ್ನೊಂದು, ಆಡ್ಸೋರು ಹದಿನೆಂಟು.
ಮದ್ವೇಲಿ ನೆಂಟರಿಗಿಂತ ಭಟ್ರೇ ಜಾಸ್ತಿ ಆದಂಗಾಯ್ತು."

ನಮ್ಮ ಪೆನ್‌ಷನ್ ಮೊಹಲ್ಲಾ ಇಲೆವೆನ್ನಿಗೆ
ಹತ್ತೊಂಬತ್ತು ವರ್ಷದಿಂದ ಇವನೊಬ್ಬನೇ.
ಹಗಲು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮೂಟೆ ಇಳಿಸಿ
ಸಂಜೆ ನಮ್ಮ ಮೀನಖಂಡಗಳಿಗೆ ಬರುತ್ತಾನೆ.
ಗರಡಿಯಲ್ಲಿ ಕಲಿತದ್ದು ಮೂರು:
ಹರಳೆಣ್ಣೆ, ಬಿಸಿ ಇಟ್ಟಿಗೆ, ಬೈಗುಳ.
ಗರಡಿಗೆ ಬೀಗ ಬಿದ್ದ ವರ್ಷ ಮಣ್ಣು ಬಿಟ್ಟು ಹುಲ್ಲಿಗೆ ಬಂದವನು,
ಆಫ್‌ಸೈಡ್ ಏನೆಂದು ಇವತ್ತಿಗೂ ತಿಳಿಯದು.
ಕೇಳಿದರೆ, "ರೆಫ್ರಿಗೆ ಗೊತ್ತಾ?"
ಆದರೆ ಶೋಯೆಬ್ ಬಲಗಾಲು ಬಿಗಿಹಿಡಿದು ಓಡುತ್ತಿದ್ದರೆ
ಅವನ ಮನೆಯಲ್ಲಿ ಆ ವಾರ ಒಲೆ ಸರಿಯಾಗಿ ಉರಿದಿಲ್ಲ ಎಂದು ಗೊತ್ತು.
ಅಂಗಿ ಒಗೆಯುವುದು ಹೆಂಡತಿ ಪುಟ್ಟಲಿಂಗಮ್ಮ.
ಹಗ್ಗದ ಮೇಲೆ ಏಳನೇ ನಂಬರಿಗೆ ಮಾತ್ರ ಎರಡು ಕ್ಲಿಪ್ಪು,
ಗಾಳಿ ಬಂದರೆ ಅದೊಂದೇ ಪಕ್ಕದ ಕಾಂಪೌಂಡಿಗೆ ಹೋಗುತ್ತದಂತೆ.

ಡಿಸೆಂಬರಿನಲ್ಲಿ ಸುದ್ದಿ ಬಂತು,
ಆರು ಆಟ ಸತತ ಸೋತು ಆ ದೊಡ್ಡ ಕೋಚನ್ನು ತೆಗೆದರು.
ಅವನ ಹಿಂದೆಯೇ ಬಲಗೈ, ಎಡಗೈ.
ಮಾರ್ಕೆಟ್ಟಿಗೇ ಹೋಗಿ ಹೇಳಿದೆ.
ಬೆನ್ನ ಮೇಲೆ ಮೂಟೆ ಇದ್ದಂತೆಯೇ ನಿಂತ:
"ಚೀಲದವ್ನು?"
ಗೊತ್ತಿಲ್ಲ ಅಂದೆ. ಅಂಥವರ ಸುದ್ದಿ ಯಾರು ಬರೀತಾರೆ.
"ಇರ್ತಾನೆ ಬಿಡು. ಕಾಲೆಲ್ಲ ಇನ್ನೂ ಅಲ್ಲೇ ಅವಲ್ಲ."
ಎರಡು ದಿನ ಬಿಟ್ಟು ಮತ್ತೆ ಕೇಳಿದ.

ಅದೇ ಭಾನುವಾರ ಜಿಲ್ಲಾ ಸ್ಟೇಡಿಯಮ್ಮಿನಲ್ಲಿ
ಅರಸೀಕೆರೆ ರೈಲ್ವೆಯವರ ಮೇಲೆ ಫೈನಲ್.
ಒಂದು ಒಂದು, ಉಳಿದದ್ದು ನಾಲ್ಕು ನಿಮಿಷ.
ಚೆಂಡು ಗೆರೆ ದಾಟಿ ಉರುಳಿ ಅವನ ಬಕೆಟ್ಟಿಗೆ ಬಡಿಯಿತು.
ಎಸಿಯೋ ಎಸಿಯೋ ಎಂದು ಗ್ಯಾಲರಿಯೆಲ್ಲ ಅರಚುತ್ತಿದೆ,
ಥ್ರೋ ಹಾಕಲು ನಾನು ಕೈಚಾಚಿ ನಿಂತಿದ್ದೇನೆ,
ಅವನು ಹೆಗಲ ಟವೆಲ್ಲು ತೆಗೆದು
ಚೆಂಡಿನ ಕೆಸರು ಒರೆಸಿದ, ತಿರುಗಿಸಿ
ಇನ್ನೊಂದು ಮಗ್ಗುಲೂ ಒರೆಸಿದ,
ಆಮೇಲೆ ನನ್ನ ಅಂಗೈ, ಬೆರಳ ಸಂದಿ.
"ಹೂಂ, ಈಗ ಜಾರಲ್ಲ."

ಸೋತೆವು. ಅದು ಬೇರೆ ಮಾತು.

ರಾತ್ರಿ ಮತ್ತೆ ಟೈರು, ಡಬ್ಬ, ಫೋನು.
ಫ್ರಾನ್ಸಿನ ಬೆಂಚಿನ ಮೇಲೆ ಹೊಸ ಕೋಟು, ಹೊಸ ಮುಖ.
ಜವರಣ್ಣ ಮೂಗು ಗಾಜಿಗೆ ತಾಗುವಷ್ಟು ಬಾಗಿದ್ದಾನೆ.
ಮೂವತ್ತೊಂದನೇ ನಿಮಿಷಕ್ಕೆ ಯಾರೋ ಬಿದ್ದ.
"ಅಗೋ!"
ಬೋಳುತಲೆ, ಚೀಲ, ಅದೇ ಓಟ.
ಮಂಡಿಯೂರಿದ, ಪಾದಕ್ಕೆ ಕೈ ಹಾಕಿದ.
ಹಿಮ್ಮಡಿಯಿಂದ ಎತ್ತಿದನೋ ಇಲ್ಲವೋ,
ಕ್ಯಾಮೆರಾ ಅಷ್ಟರಲ್ಲಿ
ಚೆಂಡಿನ ಕಡೆ ತಿರುಗಿಬಿಟ್ಟಿತು.